ಸಿ ಮ್ಯಾಕ್ರೊ ಒಳಗೆ ಕಾನ್‌ಸ್ಟ್, ವೊಲಟೈಲ್: ಜಾಗದ ನಿಯಮ ನಕಲಿಗೂ ಅಂಟಿಕೊಂಡಾಗ

2025ರ ಏಪ್ರಿಲ್‌ನಲ್ಲಿ ಜಿಸಿಸಿ 15 ಕಂಪೈಲರ್ ಬಂತು. ಯಾವ ಕಾಲದ ಸಿ ಭಾಷೆ ಬೇಕು ಎಂದು ನಾವು ಹೇಳದೇ ಇದ್ದರೆ, ಅದು ಈಗ ಸಿ23, ಅಂದರೆ ಸಿ ಭಾಷೆಯ ಇತ್ತೀಚಿನ ಸ್ಟ್ಯಾಂಡರ್ಡ್, ಎಂದೇ ಹಿಡಿಯುತ್ತದೆ. ಹಳೆಯ ಕೋಡನ್ನು ಹೊಸ ಕಂಪೈಲರ್‌ಗೆ ಕೊಟ್ಟು ಎರರ್‌ಗಳ ರಾಶಿ ನೋಡಿದವರು ತುಂಬಾ ಜನ ಇದ್ದಾರೆ. ಆ ಗಲಾಟೆಯ ನಡುವೆ ಎರಡು ಹೊಸ ಪದಗಳು ಭಾಷೆಯ ಒಳಗೆ ಬಂದು ಕೂತಿವೆ. ಒಂದು 'ಟೈಪ್‌ಆಫ್'. ಇನ್ನೊಂದು 'ಟೈಪ್‌ಆಫ್_ಅನ್‌ಕ್ವಾಲ್'. ಮೊದಲನೆಯದು ಯಾಕೆ ಅಂತ ಹೆಸರಿನಲ್ಲೇ ತಿಳಿಯುತ್ತದೆ. ಎರಡನೆಯದು ಯಾಕೆ ಬೇಕು ಅನ್ನೋದು ಕಾಲೇಜಿನಲ್ಲಿ ಸಿ ಓದಿ ಬಂದವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಡ್ರೈವರ್, ಫರ್ಮ್‌ವೇರ್, ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೆಲಸಕ್ಕೆ ಇಳಿದ ಮೊದಲ ತಿಂಗಳಲ್ಲೇ ಇದು ಎದುರಾಗುತ್ತದೆ, ಆದ್ದರಿಂದ ಬುಡದಿಂದಲೇ ನೋಡೋಣ.

ಕ್ವಾಲಿಫೈಯರ್ ಅಂದರೆ ಏನು

ಸಿ ಭಾಷೆಯಲ್ಲಿ 'ಇಂಟ್' ಎನ್ನುವುದು ಟೈಪ್. ಅದರ ಹಿಂದೆಮುಂದೆ ಸೇರಿಸುವ 'ಕಾನ್‌ಸ್ಟ್', 'ವೊಲಟೈಲ್' ಎಂಬ ಪದಗಳೇ ಕ್ವಾಲಿಫೈಯರ್‌ಗಳು. ಈ ಎರಡೂ 1989ರ ಮೊದಲ ಸ್ಟ್ಯಾಂಡರ್ಡ್‌ನಲ್ಲೇ ಇದ್ದವು. 1999ರಲ್ಲಿ 'ರಿಸ್ಟ್ರಿಕ್ಟ್' ಬಂತು, 2011ರಲ್ಲಿ '_ಅಟಾಮಿಕ್' ಬಂತು. ಇವು ಬೇಕೇ ಬೇಕು ಎಂದು ಆಗ ಎಲ್ಲರೂ ಒಪ್ಪಿರಲಿಲ್ಲ. ಸಿ ಭಾಷೆಯನ್ನು ಕಟ್ಟಿದ ಡೆನಿಸ್ ರಿಚಿ 1988ರಲ್ಲಿ ಸ್ಟ್ಯಾಂಡರ್ಡ್ ಸಮಿತಿಗೆ ಬರೆದ ಪತ್ರದಲ್ಲಿ 'ನೋಎಲಿಯಸ್' ಎಂಬ ಮೂರನೆಯ ಕ್ವಾಲಿಫೈಯರ್ ಇರಲೇಕೂಡದು ಎಂದು ಪಟ್ಟು ಹಿಡಿದರು. ಕಾನ್‌ಸ್ಟ್ ಮತ್ತು ವೊಲಟೈಲ್ ಕೂಡ ಕಲಿಯುವ ಕಷ್ಟಕ್ಕೆ ತಕ್ಕ ಫಲ ಕೊಡುತ್ತವೆಯೇ ಎಂಬ ಅನುಮಾನವನ್ನೂ ಅಲ್ಲೇ ಹೇಳಿದರು. ನೋಎಲಿಯಸ್ ಹೋಯಿತು, ಉಳಿದೆರಡು ನಿಂತವು.

ಕಾನ್‌ಸ್ಟ್ ಸುಲಭ: ಈ ಹೆಸರಿನ ಮೂಲಕ ಇಲ್ಲಿ ಬರೆಯುವ ಹಾಗಿಲ್ಲ, ಓದಬಹುದು ಅಷ್ಟೇ. ಕೆಳಮಟ್ಟದ ಕೋಡಿನಲ್ಲಿ ಇದು ಬರೀ ಶಿಸ್ತಿನ ಮಾತಲ್ಲ. ಕರ್ನಲ್‌ನಲ್ಲಿ ಫಂಕ್ಷನ್ ಪಾಯಿಂಟರ್‌ಗಳ ಪಟ್ಟಿಗಳನ್ನು ಕಾನ್‌ಸ್ಟ್ ಎಂದು ಘೋಷಿಸಿದರೆ ಅವು ಓದಲು ಮಾತ್ರ ಬಿಟ್ಟಿರುವ ಮೆಮೊರಿ ಪುಟಗಳಿಗೆ ಹೋಗಿ ಕೂರುತ್ತವೆ. ಆಮೇಲೆ ಯಾರಾದರೂ ದಾಳಿ ಮಾಡಿ ಅಲ್ಲಿ ಬರೆಯಲು ಹೋದರೆ ಪ್ರೊಸೆಸರೇ ತಡೆಯುತ್ತದೆ.

ವೊಲಟೈಲ್ ಸ್ವಲ್ಪ ಬೇರೆ. ಒಲೆ ಮೇಲೆ ಹಾಲಿಟ್ಟಿದ್ದೀರಿ ಅಂದುಕೊಳ್ಳಿ. ಒಂದು ಸಲ ಇಣುಕಿ "ಇನ್ನೂ ಉಕ್ಕಿಲ್ಲ" ಎಂದು ನೆನಪಿಟ್ಟುಕೊಂಡು ಬೇರೆ ಕೆಲಸಕ್ಕೆ ಹೋಗಲು ಆಗುವುದಿಲ್ಲ, ಪ್ರತಿ ಸಲ ಹೋಗಿ ನೋಡಲೇಬೇಕು, ಯಾಕೆಂದರೆ ನೀವು ಮುಟ್ಟದಿದ್ದರೂ ಅದು ಬದಲಾಗುತ್ತಿರುತ್ತದೆ. ಹಾರ್ಡ್‌ವೇರ್ ರಿಜಿಸ್ಟರ್ ಹಾಗೆಯೇ. ನೆಟ್‌ವರ್ಕ್ ಕಾರ್ಡಿನ ಸ್ಟೇಟಸ್ ರಿಜಿಸ್ಟರನ್ನು ಲೂಪ್‌ನಲ್ಲಿ ಓದುತ್ತಾ ಒಂದು ಬಿಟ್ 1 ಆಗಲಿ ಎಂದು ಕಾಯುವ ಕೋಡ್ ಬರೆದರೆ, ಆ ಜಾಗಕ್ಕೆ ಈ ಲೂಪ್‌ನಲ್ಲಿ ಯಾರೂ ಬರೆಯುತ್ತಿಲ್ಲ ಎಂದು ಕಂಪೈಲರ್ ಲೆಕ್ಕ ಹಾಕಿ ಒಂದೇ ಸಲ ಓದಿ ಮುಗಿಸಬಹುದು. ಆಗ ಲೂಪ್ ಮುಗಿಯುವುದೇ ಇಲ್ಲ. ವೊಲಟೈಲ್ ಅಂದರೆ "ಬರೆದಷ್ಟು ಸಲ ಮೆಮೊರಿಗೆ ಹೋಗು, ನೆನಪಿನಿಂದ ಹೇಳಬೇಡ" ಎಂಬ ಅಪ್ಪಣೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಕ್ವಾಲಿಫೈಯರ್ ಅಂಟಿರುವುದು ಜಾಗಕ್ಕೆ, ಅಲ್ಲಿಂದ ತಂದ ಬೆಲೆಗೆ ಅಲ್ಲ. ಒಲೆ ಮೇಲಿನ ಹಾಲು ಉಕ್ಕುತ್ತದೆ, ಲೋಟಕ್ಕೆ ಬಗ್ಗಿಸಿದ ಹಾಲು ಉಕ್ಕುವುದಿಲ್ಲ. ವೊಲಟೈಲ್ ಜಾಗದಿಂದ 42 ಓದಿ ತಂದರೆ ಆ 42 ಮಾಮೂಲಿ ಸಂಖ್ಯೆ. ಸಿ ಸ್ಟ್ಯಾಂಡರ್ಡ್ ಕೂಡ ಇದನ್ನೇ ಹೇಳುತ್ತದೆ: ಒಂದು ವೇರಿಯಬಲ್‌ನಿಂದ ಬೆಲೆ ಓದಿದ ಕೂಡಲೇ ಕ್ವಾಲಿಫೈಯರ್ ಕಳಚಿ ಬೀಳುತ್ತದೆ.

ಮ್ಯಾಕ್ರೊಗೆ ಟೈಪ್‌ನ ಉಸಾಬರಿ ಯಾಕೆ

ಮ್ಯಾಕ್ರೊ ಎಂದರೆ ಅಕ್ಷರಗಳ ಬದಲಾವಣೆ, ಬೇರೇನೂ ಅಲ್ಲ. ಕಂಪೈಲರ್ ಟೈಪ್‌ಗಳನ್ನು ನೋಡುವ ಮೊದಲೇ ಪ್ರಿಪ್ರೊಸೆಸರ್ ಬಂದು ಒಂದು ಹೆಸರಿನ ಜಾಗದಲ್ಲಿ ಇನ್ನೊಂದಿಷ್ಟು ಕೋಡನ್ನು ಹಾಕಿ ಹೋಗಿರುತ್ತದೆ. ಎರಡರಲ್ಲಿ ದೊಡ್ಡದನ್ನು ಕೊಡುವ ಮ್ಯಾಕ್ರೊವನ್ನು ಎಲ್ಲರೂ ಮೊದಲು ಹೀಗೆ ಬರೆಯುತ್ತಾರೆ:

((ಎ) > (ಬಿ) ? (ಎ) : (ಬಿ))

ಇದಕ್ಕೆ 'ಐ++' ಕೊಟ್ಟರೆ ಅದು ಹೋಲಿಸುವಾಗ ಒಂದು ಸಲ, ಫಲಿತಾಂಶ ಕೊಡುವಾಗ ಇನ್ನೊಂದು ಸಲ ನಡೆಯಬಹುದು. ಐ ಎರಡು ಹೆಜ್ಜೆ ಮುಂದೆ ಹೋಗಿರುತ್ತದೆ. ಇದು ಬೇಡ ಅಂದರೆ ಕೊಟ್ಟದ್ದನ್ನು ಒಂದೇ ಸಲ ಲೆಕ್ಕ ಹಾಕಿ ತಾತ್ಕಾಲಿಕ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಬೇಕು. ಆದರೆ ಆ ವೇರಿಯಬಲ್‌ನ ಟೈಪ್ ಯಾವುದು? ಮ್ಯಾಕ್ರೊಗೆ ಯಾರು ಏನು ಕೊಡುತ್ತಾರೋ ಮೊದಲೇ ಗೊತ್ತಿಲ್ಲ. ಅದಕ್ಕೇ ಜಿಸಿಸಿ ತುಂಬಾ ಹಿಂದೆಯೇ ಟೈಪ್‌ಆಫ್ ಎಂಬ ಸೌಲಭ್ಯ ಕೊಟ್ಟಿತ್ತು. ಲಿನಕ್ಸ್ ಕರ್ನಲ್‌ನ ತುಂಬಾ ಈ ಸಾಲು ಸಿಗುತ್ತದೆ:

ಟೈಪ್‌ಆಫ್(ಎ) ಟಿ = (ಎ);

ಎ ಯಾವ ಟೈಪೋ ಟಿ ಕೂಡ ಅದೇ ಟೈಪ್. ಚೆನ್ನಾಗಿದೆ ಅಲ್ವಾ? ತೊಂದರೆ ಶುರುವಾಗುವುದೂ ಇಲ್ಲಿಂದಲೇ. ಟೈಪ್‌ಆಫ್‌ಗೆ ಒಂದು ವೇರಿಯಬಲ್ ಕೊಟ್ಟರೆ ಅದು ಬೆಲೆಯ ಟೈಪ್ ಕೊಡುವುದಿಲ್ಲ, ಜಾಗದ ಟೈಪ್ ಕೊಡುತ್ತದೆ, ಕ್ವಾಲಿಫೈಯರ್ ಸಮೇತ. ಲೋಟಕ್ಕೆ ಬಗ್ಗಿಸಿದ ಹಾಲನ್ನೂ ಪ್ರತಿ ಗುಟುಕಿಗೆ ಮೊದಲು ಇಣುಕಿ ನೋಡು ಎಂದು ಹೇಳಿದ ಹಾಗಾಯಿತು.

ಕಾನ್‌ಸ್ಟ್ ಕೂಗುತ್ತದೆ, ವೊಲಟೈಲ್ ಸುಮ್ಮನಿರುತ್ತದೆ

ಎ ಎನ್ನುವುದು ಕಾನ್‌ಸ್ಟ್ ಆಗಿದ್ದರೆ ಟಿ ಕೂಡ ಕಾನ್‌ಸ್ಟ್. ಘೋಷಿಸುವಾಗಲೇ ಬೆಲೆ ಕೊಟ್ಟು ಆಮೇಲೆ ಬದಲಿಸದಿದ್ದರೆ ಏನೂ ಆಗುವುದಿಲ್ಲ. ಮೊದಲು ಟಿ ಘೋಷಿಸಿ, ಗಾತ್ರ ನೋಡಿ, ಆಮೇಲೆ ಬೇರೆ ಬೇರೆ ಕವಲುಗಳಲ್ಲಿ ಅದಕ್ಕೆ ಬೆಲೆ ತುಂಬುವ ಮ್ಯಾಕ್ರೊ ಆದರೆ ಕಂಪೈಲರ್ ತಕ್ಷಣ ನಿಲ್ಲಿಸುತ್ತದೆ: ಓದಲು ಮಾತ್ರ ಇರುವ ವೇರಿಯಬಲ್‌ಗೆ ಬರೆಯುತ್ತಿದ್ದೀರಿ ಅನ್ನುತ್ತದೆ. ಕಿರಿಕಿರಿ ನಿಜ, ಆದರೆ ಎರರ್ ಕಣ್ಣಿಗೆ ಕಾಣುತ್ತದೆ.

ವೊಲಟೈಲ್ ಹಾಗಲ್ಲ. ಕರ್ನಲ್‌ನ ಟೈಮರ್ ಟಿಕ್‌ಗಳನ್ನು ಎಣಿಸುವ 'ಜಿಫೀಸ್' ಎಂಬ ವೇರಿಯಬಲ್ ವೊಲಟೈಲ್ ಎಂದೇ ಘೋಷಣೆಯಾಗಿದೆ. ಅದನ್ನು ಮೇಲಿನಂಥ ಮ್ಯಾಕ್ರೊಗೆ ಕೊಟ್ಟರೆ ಟಿ ಕೂಡ ವೊಲಟೈಲ್ ಆಗುತ್ತದೆ. ಪ್ರೊಸೆಸರ್‌ನ ರಿಜಿಸ್ಟರ್‌ನಲ್ಲಿ ಹಾಯಾಗಿ ಇರಬೇಕಾಗಿದ್ದ ಸಂಖ್ಯೆಯನ್ನು ಕಂಪೈಲರ್ ಸ್ಟ್ಯಾಕ್‌ಗೆ, ಅಂದರೆ ಮೆಮೊರಿಗೆ, ಬರೆದು, ಮತ್ತೆ ಅಲ್ಲಿಂದ ಓದಿ, ಬೇಕಾದಷ್ಟು ಸಲ ಹೀಗೇ ಓಡಾಡುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಉತ್ತರವೂ ಸರಿ. ಹುಟ್ಟಿದ ಅಸೆಂಬ್ಲಿ ಕೋಡನ್ನು ಯಾರಾದರೂ ತೆರೆದು ಓದಿದಾಗ ಮಾತ್ರ ಇದು ಗೊತ್ತಾಗುತ್ತದೆ. ಅದಕ್ಕೇ ಇದು ಜಾಸ್ತಿ ಕಾಲ ಬದುಕುತ್ತದೆ.

ರೀಡ್_ಒನ್ಸ್ ಕತೆ

ಇದರ ಅತಿ ಒಳ್ಳೆಯ ಉದಾಹರಣೆ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಡೇಟಾವನ್ನೇ ವೊಲಟೈಲ್ ಎಂದು ಘೋಷಿಸುವುದು ಕರ್ನಲ್ ಬರೆಯುವವರಿಗೆ ಇಷ್ಟವಿಲ್ಲ. ವೊಲಟೈಲ್ ಬಳಸಬೇಡಿ ಎಂದು ಕಾರಣ ಸಮೇತ ಹೇಳುವ ಒಂದು ಪ್ರತ್ಯೇಕ ಪುಟವೇ ಕರ್ನಲ್ ದಾಖಲೆಗಳಲ್ಲಿದೆ. ಲಾಕ್ ಹಿಡಿದಾಗ ಅದೇ ವೇರಿಯಬಲ್ ಬೇರೆ ಯಾರೂ ಬದಲಿಸದ ಮಾಮೂಲಿ ಡೇಟಾ, ಆಗ ಪ್ರತಿ ಸಲ ಮೆಮೊರಿಗೆ ಓಡುವುದು ಸುಮ್ನೆ ದಂಡ. ಲಾಕ್ ಇಲ್ಲದೆ ಇಣುಕುವ ಆ ಒಂದು ಸಾಲಿನಲ್ಲಿ ಮಾತ್ರ ವೊಲಟೈಲ್ ಬೇಕು. ಅದಕ್ಕೆ 'ಆಕ್ಸೆಸ್_ಒನ್ಸ್' ಎಂಬ ಮ್ಯಾಕ್ರೊ ಇತ್ತು: ವೇರಿಯಬಲ್‌ನ ವಿಳಾಸ ತೆಗೆದುಕೊಂಡು, ಅದನ್ನು ಅದೇ ಟೈಪ್‌ನ ವೊಲಟೈಲ್ ಪಾಯಿಂಟರ್ ಎಂದು ಕಾಸ್ಟ್ ಮಾಡಿ (ಟೈಪ್ ಬದಲಿಸಿ), ಆ ಮೂಲಕ ಓದುವುದು. ಚಿಕ್ಕದು, ಚೊಕ್ಕವಾದದ್ದು.

2014ರ ಕೊನೆಯಲ್ಲಿ ಕ್ರಿಶ್ಚಿಯನ್ ಬೋರ್ನ್‌ಟ್ರೇಗರ್ ಎಂಬ ಕರ್ನಲ್ ಡೆವಲಪರ್ ಇದರಲ್ಲಿ ಒಂದು ತೂತು ತೋರಿಸಿದರು. ಕೊಟ್ಟದ್ದು ಸ್ಟ್ರಕ್ಟ್ ಅಥವಾ ಯೂನಿಯನ್ ಆಗಿದ್ದರೆ ಜಿಸಿಸಿ 4.6 ಮತ್ತು 4.7 ಅದನ್ನು ಬಿಡಿಬಿಡಿ ಮಾಡುವ ಹಂತದಲ್ಲಿ ವೊಲಟೈಲ್ ಗುರುತನ್ನು ಬಿಟ್ಟುಬಿಡಬಹುದಿತ್ತು. ಅಂದರೆ "ಒಂದೇ ಸಲ ಓದು" ಎಂದು ಬರೆದ ಕೋಡ್ ಎರಡು ಸಲ ಓದಬಹುದಿತ್ತು, ನಡುವೆ ಇನ್ನೊಂದು ಪ್ರೊಸೆಸರ್ ಬೆಲೆ ಬದಲಿಸಿರಬಹುದಿತ್ತು. ಅದಕ್ಕೆ ಪರಿಹಾರವಾಗಿ 'ರೀಡ್_ಒನ್ಸ್' ಹುಟ್ಟಿತು. ಅದು ಗಾತ್ರ ನೋಡಿ, 1, 2, 4 ಅಥವಾ 8 ಬೈಟ್ ಆದರೆ ಅದಕ್ಕೆ ತಕ್ಕ ಸಂಖ್ಯೆಯ ಟೈಪ್‌ನಿಂದ ವೊಲಟೈಲ್ ಆಗಿ ಓದಿ, ಫಲಿತಾಂಶವನ್ನು ಒಂದು ತಾತ್ಕಾಲಿಕ ಯೂನಿಯನ್‌ನಲ್ಲಿ ಇಟ್ಟು ಕೊಡುತ್ತಿತ್ತು. ಆ ಯೂನಿಯನ್‌ನಲ್ಲಿ ಎರಡು ಸದಸ್ಯರು: ಟೈಪ್‌ಆಫ್ ಬಳಸಿ ಘೋಷಿಸಿದ ಬೆಲೆ, ಮತ್ತು ಒಂದು ಚಾರ್ ಅರೇ.

ಈಗ ಎರಡೂ ಎಳೆಗಳನ್ನು ಜೋಡಿಸಿ. ಕರ್ನಲ್‌ನಲ್ಲಿ ಬಿಟ್ ಪರೀಕ್ಷಿಸುವ, ಬಿಟ್ ಹಚ್ಚುವ ಫಂಕ್ಷನ್‌ಗಳು ವೊಲಟೈಲ್ ಪಾಯಿಂಟರನ್ನೇ ತೆಗೆದುಕೊಳ್ಳುತ್ತವೆ. ಯಾರು ಎಂಥ ಪಾಯಿಂಟರ್ ಕೊಟ್ಟರೂ ನಡೆಯಲಿ ಎಂಬ ಕಾರಣಕ್ಕೆ. ಅಂಥ ಒಂದು ಫಂಕ್ಷನ್ ಒಳಗೆ ಆ ಪಾಯಿಂಟರ್ ತೋರಿಸುವ ಜಾಗವನ್ನು ರೀಡ್_ಒನ್ಸ್ ಮಾಡಿದರೆ ಮ್ಯಾಕ್ರೊ ಒಳಗಿನ ತಾತ್ಕಾಲಿಕ ಬೆಲೆಯೂ ವೊಲಟೈಲ್ ಆಯಿತು. ಮೂಲದಿಂದ ಸರಿಯಾಗಿ ಒಂದೇ ಸಲ ಓದಿತು, ಸ್ಟ್ಯಾಕ್‌ಗೆ ಬರೆಯಿತು, ಮತ್ತೆ ಸ್ಟ್ಯಾಕ್‌ನಿಂದ ಓದಿತು. ಸಾಲದ್ದಕ್ಕೆ ಸ್ಟ್ಯಾಕ್ ಮೇಲೆ ವಿಳಾಸ ತೆಗೆದ ಚಾರ್ ಅರೇ ಕಂಡ ಕೂಡಲೇ ಸ್ಟ್ಯಾಕ್ ಪ್ರೊಟೆಕ್ಟರ್ ಎಂಬ ಭದ್ರತಾ ಸೌಲಭ್ಯವೂ ಎದ್ದು, ತನ್ನ ಕಾವಲು ಕೋಡನ್ನು ಫಂಕ್ಷನ್‌ನ ಆರಂಭಕ್ಕೂ ಕೊನೆಗೂ ಸೇರಿಸಿತು. ಕೆಲವೇ ಇನ್‌ಸ್ಟ್ರಕ್ಷನ್‌ಗಳಲ್ಲಿ ಮುಗಿಯಬೇಕಾದ ಫಂಕ್ಷನ್, ಲಾಕ್ ಹಿಡಿಯುವಂಥ ಅತಿ ಬಿಸಿ ಜಾಗದಲ್ಲಿ ಬಳಕೆಯಾಗುವ ಫಂಕ್ಷನ್, ಹೀಗೆ ಊದಿಕೊಂಡಿತು. 2019ರ ಡಿಸೆಂಬರ್‌ನಲ್ಲಿ ಪವರ್‌ಪಿಸಿ ಪ್ರೊಸೆಸರ್ ಕಡೆಯ ಮೇಲ್ವಿಚಾರಕ ಮೈಕೆಲ್ ಎಲರ್ಮನ್ ಇದನ್ನು ಮುಂದೆ ತಂದರು. ಆರ್ಮ್64 ಪ್ರೊಸೆಸರ್ ಕಡೆಯನ್ನು ನೋಡಿಕೊಳ್ಳುವ ವಿಲ್ ಡೀಕನ್ 2020ರಲ್ಲಿ ರೀಡ್_ಒನ್ಸ್ ಅನ್ನು ಬಿಚ್ಚಿ ಹೊಸದಾಗಿ ಕಟ್ಟಿದರು. ಯೂನಿಯನ್ ಹೋಯಿತು. ತಾತ್ಕಾಲಿಕ ಬೆಲೆಯ ಟೈಪ್‌ನಿಂದ ಕ್ವಾಲಿಫೈಯರ್ ಕಿತ್ತು ಹಾಕುವ ಒಂದು ಸಹಾಯಕ ಮ್ಯಾಕ್ರೊ ಬಂತು. ಅದರ ಹೆಸರು '__ಅನ್‌ಕ್ವಾಲ್_ಸ್ಕೇಲರ್_ಟೈಪ್‌ಆಫ್'.

ಕ್ವಾಲಿಫೈಯರ್ ಕಳಚುವ ಉಪಾಯಗಳು

ಕಿತ್ತು ಹಾಕುವುದು ಅಂದಷ್ಟು ಸುಲಭ ಇರಲಿಲ್ಲ. ಭಾಷೆಯಲ್ಲಿ ಅದಕ್ಕೆ ನೇರ ದಾರಿ ಇರಲಿಲ್ಲ.

ಹಳೆಯ ಉಪಾಯ ಟೈಪ್‌ಆಫ್((ಎ) + 0). ಕೂಡಿದ ಮೊತ್ತ ಒಂದು ಬೆಲೆ, ಜಾಗ ಅಲ್ಲ, ಹಾಗಾಗಿ ಕ್ವಾಲಿಫೈಯರ್ ಇರುವುದಿಲ್ಲ. 'ಇಂಟ್', 'ಲಾಂಗ್'ಗಳಿಗೆ ಇದು ಸರಿ. ಆದರೆ ಸಿ ಭಾಷೆಯಲ್ಲಿ ಚಾರ್ ಅಥವಾ ಶಾರ್ಟ್ ಮೇಲೆ ಲೆಕ್ಕ ಮಾಡಿದ ಕೂಡಲೇ ಅದು ಇಂಟ್ ಆಗಿಬಿಡುತ್ತದೆ. ವೊಲಟೈಲ್ ತೆಗೆಯಲು ಹೋಗಿ ಟೈಪೇ ಬದಲಾಯಿತು. ಸ್ಟ್ರಕ್ಟ್ ಕೊಟ್ಟರಂತೂ ಕಂಪೈಲ್ ಆಗುವುದೇ ಇಲ್ಲ.

ಕಾಮಾ ಆಪರೇಟರ್ ಇನ್ನೊಂದು ಉಪಾಯ, ಅಂದರೆ ಎ ಮುಂದೆ ಅರ್ಥವಿಲ್ಲದ ಒಂದು ಎಕ್ಸ್‌ಪ್ರೆಶನ್ ಹಾಕಿ ಕಾಮಾ ಕೊಟ್ಟು ಅದರ ಟೈಪ್ ಕೇಳುವುದು. ಸ್ಟ್ಯಾಂಡರ್ಡ್ ಪ್ರಕಾರ ಅಲ್ಲಿ ಕ್ವಾಲಿಫೈಯರ್ ಬೀಳಲೇಬೇಕು. ಆದರೆ ಜಿಸಿಸಿ 11ಕ್ಕಿಂತ ಹಿಂದಿನ ಕಂಪೈಲರ್‌ಗಳು ಅಲ್ಲೂ ಅದನ್ನು ಉಳಿಸಿಕೊಳ್ಳುತ್ತಿದ್ದವು. ಹಳೆ ಕಂಪೈಲರ್‌ಗಳಲ್ಲೂ ಓಡಬೇಕಾದ ಕೋಡಿಗೆ ಇದನ್ನು ನಂಬಲು ಆಗುವುದಿಲ್ಲ.

ಕರ್ನಲ್ ಕೊನೆಗೆ ಹಿಡಿದ ದಾರಿ ಸಿ11ರ '_ಜೆನೆರಿಕ್'. ಇದು ಒಂದು ಎಕ್ಸ್‌ಪ್ರೆಶನ್‌ನ ಟೈಪ್ ನೋಡಿ ಪಟ್ಟಿಯಿಂದ ಒಂದು ಉತ್ತರವನ್ನು ಆರಿಸುತ್ತದೆ, ಕಂಪೈಲ್ ಸಮಯದಲ್ಲೇ. ಕೊಟ್ಟ ವೇರಿಯಬಲ್ ಅನ್ನು ಬೆಲೆಯಾಗಿ ನೋಡಬೇಕೋ ಜಾಗವಾಗಿ ನೋಡಬೇಕೋ ಎಂಬುದು 2011ರ ಸ್ಟ್ಯಾಂಡರ್ಡ್‌ನಲ್ಲಿ ಸ್ಪಷ್ಟವಾಗಿರಲಿಲ್ಲ, ಕಂಪೈಲರ್‌ಗಳು ಬೇರೆ ಬೇರೆ ಥರ ನಡೆದುಕೊಂಡವು. ಸಮಿತಿ ಆಮೇಲೆ ಬೆಲೆಯಾಗಿಯೇ ನೋಡಬೇಕು ಎಂದು ತೀರ್ಮಾನಿಸಿತು. ಆದ್ದರಿಂದ ವೊಲಟೈಲ್ ಇಂಟ್ ಕೊಟ್ಟರೆ ಪಟ್ಟಿಯಲ್ಲಿ ಇಂಟ್ ಎಂಬ ಸಾಲು ಸಿಗುತ್ತದೆ, ಅದಕ್ಕೆ ಉತ್ತರವಾಗಿ "ಇಂಟ್ ಟೈಪ್‌ನ ಸೊನ್ನೆ" ಎಂದು ಬರೆದಿಟ್ಟು ಅದರ ಟೈಪ್ ತೆಗೆದುಕೊಂಡರೆ ಕೈಗೆ ಬರುವುದು ಶುದ್ಧ ಇಂಟ್. ಹೀಗೆ ಚಾರ್‌ನಿಂದ ಲಾಂಗ್ ಲಾಂಗ್‌ವರೆಗೆ ಒಂದೊಂದಕ್ಕೂ ಸಾಲು ಬರೆಯಬೇಕು, ಸೈನ್ಡ್ ಮತ್ತು ಅನ್‌ಸೈನ್ಡ್‌ಗೆ ಬೇರೆ ಬೇರೆ. ಚಾರ್‌ಗೆ ಮಾತ್ರ ಮೂರು ಸಾಲು, ಯಾಕೆಂದರೆ ಸಿ ಭಾಷೆಯಲ್ಲಿ ಬರೀ ಚಾರ್, ಸೈನ್ಡ್ ಚಾರ್, ಅನ್‌ಸೈನ್ಡ್ ಚಾರ್ ಮೂರೂ ಬೇರೆ ಬೇರೆ ಟೈಪ್‌ಗಳು. ಪಟ್ಟಿಯಲ್ಲಿ ಇಲ್ಲದ್ದು, ಅಂದರೆ ಸ್ಟ್ರಕ್ಟ್, ಪಾಯಿಂಟರ್ ಇತ್ಯಾದಿ, ಕ್ವಾಲಿಫೈಯರ್ ಸಮೇತ ಹಾಗೆಯೇ ಹೊರಗೆ ಬರುತ್ತದೆ. ಹೆಸರಿನಲ್ಲಿ 'ಸ್ಕೇಲರ್' (ಸಿ ಭಾಷೆಯಲ್ಲಿ ಸಂಖ್ಯೆ, ಪಾಯಿಂಟರ್ ಎರಡಕ್ಕೂ ಸೇರಿದ ಹೆಸರು) ಎಂದಿದ್ದರೂ ಪಾಯಿಂಟರ್ ಇದರಲ್ಲಿ ಸೇರಿಲ್ಲ ಎನ್ನುವುದನ್ನು ಗಮನಿಸಿ, ಇಲ್ಲಿ ಎಡವುವವರು ಇದ್ದಾರೆ.

ಸಿ23 ಈ ಪಟ್ಟಿಯ ಕೆಲಸವನ್ನೇ ತಪ್ಪಿಸಿದೆ. ಟೈಪ್‌ಆಫ್_ಅನ್‌ಕ್ವಾಲ್(ಎ) ಎಂದರೆ ಕಾನ್‌ಸ್ಟ್, ವೊಲಟೈಲ್, ಅಟಾಮಿಕ್ ಎಲ್ಲ ಕಳಚಿ ಟೈಪ್ ಕೊಡುತ್ತದೆ, ಸ್ಟ್ರಕ್ಟ್ ಆದರೂ ಸರಿ, ಪಾಯಿಂಟರ್ ಆದರೂ ಸರಿ. ಜಿಸಿಸಿ 13 ಮತ್ತು ಇನ್ನೊಂದು ಕಂಪೈಲರ್ ಆದ ಕ್ಲ್ಯಾಂಗ್ 16ರಿಂದ ಸಿ23 ಬೇಕೆಂದು ಹೇಳಿದರೆ ಇದು ಸಿಗುತ್ತದೆ.

ಆದರೆ ಕಳಚುವುದು ಮೇಲಿನ ಪದರವನ್ನು ಮಾತ್ರ. ಇದು ಪಾಯಿಂಟರ್ ವಿಷಯದಲ್ಲಿ ಎಲ್ಲರನ್ನೂ ಗೊಂದಲಕ್ಕೆ ಹಾಕುತ್ತದೆ. ಈ ಎರಡನ್ನು ನೋಡಿ:

ಕಾನ್‌ಸ್ಟ್ ಇಂಟ್ *ಪಿ
ಇಂಟ್ * ಕಾನ್‌ಸ್ಟ್ ಕ್ಯೂ

ಪಿ ತೋರಿಸುವ ಜಾಗ ಕಾನ್‌ಸ್ಟ್, ಪಿ ಅಲ್ಲ. ಕ್ಯೂ ತಾನೇ ಕಾನ್‌ಸ್ಟ್, ಅದು ತೋರಿಸುವ ಜಾಗ ಅಲ್ಲ. ಟೈಪ್‌ಆಫ್_ಅನ್‌ಕ್ವಾಲ್(ಕ್ಯೂ) ಕೇಳಿದರೆ ಕಾನ್‌ಸ್ಟ್ ಹೋಗುತ್ತದೆ. ಟೈಪ್‌ಆಫ್_ಅನ್‌ಕ್ವಾಲ್(ಪಿ) ಕೇಳಿದರೆ ಏನೂ ಬದಲಾಗುವುದಿಲ್ಲ, ಬದಲಾಗಲೂ ಬಾರದು. ಪಿಯ ನಕಲು ಮಾಡಿದ ಮಾತ್ರಕ್ಕೆ ಅದು ತೋರಿಸುವ ಜಾಗದಲ್ಲಿ ಬರೆಯುವ ಹಕ್ಕು ಬರುವುದಿಲ್ಲವಲ್ಲ. ಆ ಜಾಗದ ಬೆಲೆಯನ್ನು ಇಟ್ಟುಕೊಳ್ಳಲು ವೇರಿಯಬಲ್ ಬೇಕಾದರೆ ಟೈಪ್‌ಆಫ್_ಅನ್‌ಕ್ವಾಲ್(*ಪಿ) ಎಂದು ಕೇಳಬೇಕು.

ಉಳಿಯಬೇಕಾದಲ್ಲಿ ಕಳೆದುಹೋದರೆ

ಇಲ್ಲಿಯವರೆಗೆ ಬೇಡದ ಕಡೆ ಅಂಟಿಕೊಂಡ ಕ್ವಾಲಿಫೈಯರ್ ಬಗ್ಗೆ ಹೇಳಿದೆ. ಉಲ್ಟಾ ತೊಂದರೆಯೂ ಇದೆ, ನನ್ನ ಲೆಕ್ಕದಲ್ಲಿ ಅದೇ ಹೆಚ್ಚು ಅಪಾಯ. ಬೇಡದ ವೊಲಟೈಲ್ ಕೋಡನ್ನು ನಿಧಾನ ಮಾಡುತ್ತದೆ, ಕಳೆದುಹೋದ ಕಾನ್‌ಸ್ಟ್ ತಪ್ಪು ಜಾಗದಲ್ಲಿ ಬರೆಯಲು ಬಿಡುತ್ತದೆ.

ಕರ್ನಲ್‌ನ 'ಕಂಟೇನರ್_ಆಫ್' ಮ್ಯಾಕ್ರೊ ತೆಗೆದುಕೊಳ್ಳಿ. ಒಂದು ದೊಡ್ಡ ಸ್ಟ್ರಕ್ಟ್ ಒಳಗೆ ಒಂದು ಚಿಕ್ಕ ಸದಸ್ಯ ಇದೆ, ನಿಮ್ಮ ಕೈಯಲ್ಲಿ ಇರುವುದು ಆ ಸದಸ್ಯನ ವಿಳಾಸ ಮಾತ್ರ. ಸ್ಟ್ರಕ್ಟ್‌ನ ಆರಂಭದಿಂದ ಸದಸ್ಯ ಎಷ್ಟು ಬೈಟ್ ದೂರ ಇದ್ದಾನೆ ಎಂಬುದು ಕಂಪೈಲರ್‌ಗೆ ಗೊತ್ತು, ಅಷ್ಟನ್ನು ಕಳೆದರೆ ದೊಡ್ಡ ಸ್ಟ್ರಕ್ಟ್‌ನ ವಿಳಾಸ ಸಿಗುತ್ತದೆ. ಕರ್ನಲ್‌ನ ಲಿಂಕ್ಡ್ ಲಿಸ್ಟ್‌ಗಳು, ಡಿವೈಸ್ ಡ್ರೈವರ್‌ಗಳು ಈ ಲೆಕ್ಕದ ಮೇಲೇ ನಡೆಯುತ್ತವೆ. ಮ್ಯಾಕ್ರೊ ಒಳಗೆ ಬೈಟ್ ಲೆಕ್ಕಕ್ಕಾಗಿ ಪಾಯಿಂಟರನ್ನು ವಾಯ್ಡ್ ಪಾಯಿಂಟರ್ ಆಗಿ ಕಾಸ್ಟ್ ಮಾಡಲಾಗುತ್ತದೆ, ಆಗ ಕಾನ್‌ಸ್ಟ್ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಕಾಸ್ಟ್ ಅಂದರೆ "ನನಗೆ ಗೊತ್ತು, ನೀನು ಸುಮ್ಮನಿರು" ಎಂದು ಕಂಪೈಲರ್‌ಗೆ ಹೇಳಿದ ಹಾಗೆ, ವಾರ್ನಿಂಗ್ ಬರುವುದಿಲ್ಲ. ಓದಲು ಮಾತ್ರ ಕೊಟ್ಟ ಸದಸ್ಯನಿಂದ ಬರೆಯಬಲ್ಲ ಪೂರ್ತಿ ಸ್ಟ್ರಕ್ಟ್ ಕೈಗೆ ಬಂದುಬಿಡುತ್ತದೆ. ಆ ಸ್ಟ್ರಕ್ಟ್ ನಿಜಕ್ಕೂ ಕಾನ್‌ಸ್ಟ್ ಎಂದು ಘೋಷಣೆಯಾದದ್ದಾಗಿದ್ದು ನೀವು ಅದಕ್ಕೆ ಬರೆದರೆ ಸಿ ಸ್ಟ್ಯಾಂಡರ್ಡ್ ಯಾವ ಭರವಸೆಯನ್ನೂ ಕೊಡುವುದಿಲ್ಲ. ಕರ್ನಲ್ ಕೋಡಿನಲ್ಲೇ ಈ ಮ್ಯಾಕ್ರೊ ಮೇಲೆ, ಪಾಯಿಂಟರ್‌ನ ಕಾನ್‌ಸ್ಟ್ ಕಳೆದುಹೋಗುತ್ತದೆ ಎಂಬ ಎಚ್ಚರಿಕೆ ಬರೆದಿದ್ದಾರೆ.

2023ರ ಫೆಬ್ರುವರಿಯಲ್ಲಿ ಬಂದ ಲಿನಕ್ಸ್ 6.2ರಲ್ಲಿ ಇದಕ್ಕೆ 'ಕಂಟೇನರ್_ಆಫ್_ಕಾನ್‌ಸ್ಟ್' ಎಂಬ ಜೊತೆಗಾರ ಬಂತು. ಇದರಲ್ಲೂ ಕೆಲಸ ಮಾಡುವುದು _ಜೆನೆರಿಕ್‌ನೇ. ಕೊಟ್ಟ ಪಾಯಿಂಟರ್ ಕಾನ್‌ಸ್ಟ್ ಜಾಗವನ್ನು ತೋರಿಸುತ್ತಿದ್ದರೆ ಫಲಿತಾಂಶವನ್ನೂ ಕಾನ್‌ಸ್ಟ್ ಸ್ಟ್ರಕ್ಟ್ ಪಾಯಿಂಟರ್ ಆಗಿ ಕೊಡು, ಇಲ್ಲದಿದ್ದರೆ ಮಾಮೂಲಿಯಾಗಿ ಕೊಡು. ಬೆಲೆ ಓದಿದಾಗ ಬೀಳುವುದು ಮೇಲಿನ ಪದರದ ಕ್ವಾಲಿಫೈಯರ್ ಮಾತ್ರ, ಪಾಯಿಂಟರ್ ತೋರಿಸುವ ಜಾಗದ ಕಾನ್‌ಸ್ಟ್ ಹಾಗೇ ಇರುತ್ತದೆ, ಆದ್ದರಿಂದಲೇ _ಜೆನೆರಿಕ್ ಈ ಎರಡನ್ನು ಬೇರೆ ಬೇರೆ ಎಂದು ಗುರುತಿಸಬಲ್ಲದು.

ಇದು ಕರ್ನಲ್‌ನವರಿಗೆ ಮಾತ್ರ ಇದ್ದ ಸಮಸ್ಯೆ ಅಲ್ಲ. ಎಲ್ಲರೂ ಬಳಸುವ 'ಸ್ಟ್ರ್‌ಸಿಎಚ್‌ಆರ್' ಫಂಕ್ಷನ್ 1989ರಿಂದ ಹೀಗೇ ಇದೆ: ಕಾನ್‌ಸ್ಟ್ ಸ್ಟ್ರಿಂಗ್ ತೆಗೆದುಕೊಂಡು, ಅದರೊಳಗಿನ ಒಂದು ಅಕ್ಷರಕ್ಕೆ ಕಾನ್‌ಸ್ಟ್ ಇಲ್ಲದ ಪಾಯಿಂಟರ್ ವಾಪಸ್ ಕೊಡುತ್ತದೆ. ಸಿ23 ಇದನ್ನೂ ಸರಿ ಮಾಡಿದೆ. ಕಾನ್‌ಸ್ಟ್ ಕೊಟ್ಟರೆ ಕಾನ್‌ಸ್ಟ್ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಸ್ಟ್ರ್‌ಸ್ಟ್ರ್, ಮೆಮ್‌ಸಿಎಚ್‌ಆರ್, ಬಿಸರ್ಚ್ ಕೂಡ ಈ ಸಾಲಿಗೆ ಸೇರಿವೆ.

ಯಾವ ಪ್ರದೇಶದ ವಿಳಾಸ ಎಂಬುದೂ ಕ್ವಾಲಿಫೈಯರೇ

ಕೊನೆಯದಾಗಿ, ಸ್ಟ್ಯಾಂಡರ್ಡ್‌ನಲ್ಲಿ ಇಲ್ಲದ ಒಂದು ಕ್ವಾಲಿಫೈಯರ್. ಎಕ್ಸ್86-64 ಬಗೆಯ ಪ್ರೊಸೆಸರ್‌ಗಳಲ್ಲಿ ಪ್ರತಿ ಕೋರ್‌ಗೂ ಅದರದೇ ಒಂದು ಡೇಟಾ ಪ್ರದೇಶ ಇರುತ್ತದೆ, ಲಿನಕ್ಸ್ ಅದನ್ನು ಜಿಎಸ್ ಎಂಬ ಸೆಗ್ಮೆಂಟ್ ರಿಜಿಸ್ಟರ್ ಮೂಲಕ ತಲುಪುತ್ತದೆ. ಆ ವಿಳಾಸವನ್ನು ಮಾಮೂಲಿ ಪಾಯಿಂಟರ್ ಎಂದುಕೊಂಡು ಬಳಸಿದರೆ ಬೇರೆ ಯಾವುದೋ ಜಾಗಕ್ಕೆ ಹೋಗುತ್ತೀರಿ. ಜಿಸಿಸಿಯಲ್ಲಿ '__ಸೆಗ್_ಜಿಎಸ್' ಎಂಬ ಗುರುತು ಇದೆ, ಅದನ್ನು ಟೈಪ್‌ಗೆ ಹಚ್ಚಿದರೆ ಇಂಥ ತಪ್ಪನ್ನು ಕಂಪೈಲರೇ ಹಿಡಿಯುತ್ತದೆ. ಆದರೆ ಹಚ್ಚಿದ ಕೂಡಲೇ ಕರ್ನಲ್‌ನ ಮ್ಯಾಕ್ರೊಗಳು ಒಡೆದವು. ಟೈಪ್‌ಆಫ್ ಬಳಸಿ ಮಾಡಿದ ತಾತ್ಕಾಲಿಕ ವೇರಿಯಬಲ್‌ಗೂ __ಸೆಗ್_ಜಿಎಸ್ ಅಂಟಿಕೊಂಡಿತು, ಸ್ಟ್ಯಾಕ್ ಮೇಲಿನ ವೇರಿಯಬಲ್ ಆ ಪ್ರದೇಶದಲ್ಲಿ ಇರಲು ಸಾಧ್ಯವೇ ಇಲ್ಲ, ಕಂಪೈಲರ್ ಎರರ್ ಕೊಟ್ಟಿತು.

2025ರಲ್ಲಿ ಕರ್ನಲ್‌ಗೆ ಸೇರಿದ ಬದಲಾವಣೆಗಳು ಇದನ್ನು ಬಿಡಿಸಿದವು. ಆ ಮ್ಯಾಕ್ರೊಗಳಲ್ಲಿ ಟೈಪ್‌ಆಫ್ ಇದ್ದ ಕಡೆ ಕ್ವಾಲಿಫೈಯರ್ ಕಳಚುವ ಟೈಪ್‌ಆಫ್ ಬಂತು. ಕರ್ನಲ್ ಇನ್ನೂ ಸಿ11 ಲೆಕ್ಕದಲ್ಲೇ ಕಂಪೈಲ್ ಆಗುವುದರಿಂದ, ಹಿಂದೆಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವ ಕಾಗುಣಿತವನ್ನು ಬಳಸಿದ್ದಾರೆ. ನಿಮ್ಮ ಕಂಪೈಲರ್‌ಗೆ ಆ ಪದ ಅರ್ಥವಾಗುತ್ತದೆಯೇ ಎಂದು ಬಿಲ್ಡ್ ಮೊದಲೇ ಪರೀಕ್ಷಿಸುತ್ತದೆ. ಅರ್ಥವಾದರೆ __ಸೆಗ್_ಜಿಎಸ್ ಗುರುತು ಟೈಪ್‌ಗಳಿಗೆ ಹಚ್ಚಿಕೊಳ್ಳುತ್ತದೆ, ಕೋರ್‌ನ ಡೇಟಾವನ್ನು ತಪ್ಪಾಗಿ ಮುಟ್ಟಿದ ಕೋಡ್ ಕಂಪೈಲ್ ಆಗುವುದಿಲ್ಲ. ಹಳೆಯ ಕಂಪೈಲರ್ ಆದರೆ ಆ ಮ್ಯಾಕ್ರೊ ಬರೀ ಟೈಪ್‌ಆಫ್ ಆಗಿ ಉಳಿಯುತ್ತದೆ, ಗುರುತು ಹಚ್ಚುವುದಿಲ್ಲ, ಕೋಡ್ ಮೊದಲಿನ ಹಾಗೇ ಓಡುತ್ತದೆ, ಆ ಪರೀಕ್ಷೆ ಮಾತ್ರ ನಡೆಯುವುದಿಲ್ಲ.